ಉತ್ತಮ ಪುರುಷ

ನನಗೆ ಈಜು ಬರುತ್ತದೆ. ಐವತ್ತಕ್ಕೂ ಹೆಚ್ಚು ವರ್ಷದಿಂದ ಇದನ್ನೇ ಹೇಳಿಕೊಂಡು ಬಂದಿದ್ದೇನೆ. ಬರುತ್ತದೆ ಅನ್ನುವುದು ಪೂರ್ತಿ ಸುಳ್ಳೂ ಅಲ್ಲ. ಎಲ್ಲಿಂದಲೋ ಹೊರಟಿದೆ, ಬರುತ್ತಲೇ ಇದೆ, ಇನ್ನೂ ನನ್ನ ಹತ್ತಿರ ಬಂದು ಮುಟ್ಟಿಲ್ಲ, ಅಷ್ಟೆ. ಈ ಬೇಸಿಗೆ ರಜೆಯ ತನಕ ಈ ಗುಟ್ಟು ಗೊತ್ತಿದ್ದವರು ಮೂರೇ ಜನ: ನಾನು, ನನ್ನ ಹೆಂಡತಿ ಮತ್ತು ಸೊಳ್ಳೆ.

ಸೊಳ್ಳೆ ನನ್ನ ಬಾಲ್ಯದ ಗೆಳೆಯ, ಸೋದರತ್ತೆಯ ಊರಿನವನು. ಕೈಕಾಲು ಕಡ್ಡಿ, ಸದಾ ಗುಂಯ್ ಅಂತ ಏನಾದರೊಂದು ಹಾಡಿಕೊಳ್ಳುತ್ತಿದ್ದ, ಅದಕ್ಕೇ ಆ ಹೆಸರು. ಶಾಲೆಗೆ ಬೇಸಿಗೆ ರಜೆ ಬಿಟ್ಟ ಮರುದಿನವೇ ನನ್ನನ್ನು ಸೋದರತ್ತೆಯ ಮನೆಗೆ ಸಾಗಹಾಕುತ್ತಿದ್ದರು. ಮನೆಯ ಹಿಂದೆ ಒಂದು ಮೋಟು ಗೋಡೆ, ಗೋಡೆಯಾಚೆ ಕೆರೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಗೋಡೆ ಹಾರುವುದು, ಸಂಜೆ ಅತ್ತೆ ಹೆಸರು ಹಿಡಿದು ಕೂಗುವ ತನಕ ದಡದಲ್ಲೇ ಬಿದ್ದಿರುವುದು. ಆ ಕೆಸರಿನ ವಾಸನೆ, ಅಂಗಾಲು ಸುಡುವ ಕಲ್ಲು, ಒದ್ದೆ ಚಡ್ಡಿಯಲ್ಲಿ ಕೂತೆದ್ದರೆ ಕಲ್ಲಿನ ಮೇಲೆ ಮೂಡುತ್ತಿದ್ದ ಅಚ್ಚು, ಎಲ್ಲ ನಿನ್ನೆ ಮೊನ್ನೆಯದು ಅನ್ನುವಷ್ಟು ನೆನಪಿದೆ. ಒದ್ದೆ ಚಡ್ಡಿ ಸೊಳ್ಳೆಯದು. ನನ್ನದು ಯಾವಾಗಲೂ ಒಣಗಿಯೇ ಇರುತ್ತಿತ್ತು.

ಅವನು ಈಜುತ್ತಿದ್ದ, ನಾನು ಅವನ ಬಟ್ಟೆ ಕಾಯುತ್ತಿದ್ದೆ. ಒಂದೇ ಒಂದು ಸಲ ಮೊಣಕಾಲಿನ ತನಕ ಇಳಿದಿದ್ದೆ. ನೀರಿನೊಳಗೆ ಕಾಲಿಗೆ ಏನೋ ತಾಗಿತು. ನಾನು ಕಿರುಚಿಕೊಂಡ ರಭಸಕ್ಕೆ ಅತ್ತೆ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಓಡಿಬಂದರು. ತಾಗಿದ್ದು ನನ್ನದೇ ಇನ್ನೊಂದು ಕಾಲು ಅಂತ ಆಮೇಲೆ ವಿಚಾರಣೆಯಲ್ಲಿ ಗೊತ್ತಾಯಿತು. ಅಲ್ಲಿಗೆ ನನಗೂ ನೀರಿಗೂ ಇದ್ದ ಸಂಬಂಧ ಕುಡಿಯುವುದಕ್ಕೆ ಮತ್ತು ಸ್ನಾನಕ್ಕೆ ಮಾತ್ರ ಅಂತ ತೀರ್ಮಾನವಾಯಿತು.

ನಮಗೆ ಒಂಬತ್ತು ವರ್ಷವಾಗಿದ್ದ ರಜೆಯಲ್ಲಿ ಒಂದು ಮಧ್ಯಾಹ್ನ ಸೊಳ್ಳೆ ಈ ದಡದಿಂದ ಆ ದಡಕ್ಕೆ ಈಜಿಯೇಬಿಟ್ಟ. ನಾನು ಅವನ ಅಂಗಿ, ಬದಲಿ ಚಡ್ಡಿ ಕಂಕುಳಲ್ಲಿ ಇಟ್ಟುಕೊಂಡು ಏರಿಯ ಮೇಲೆ ಸುತ್ತಿ ಓಡಿ, ಅವನಿಗಿಂತ ಮೊದಲೇ ಆಚೆ ದಡ ಸೇರಿದೆ. ರಜೆ ಮುಗಿಸಿ ಶಾಲೆಗೆ ಹೋದಾಗ "ಸೊಳ್ಳೆ ಕೆರೆ ದಾಟಿದ" ಅಂದೆ. ಸೊಳ್ಳೆ ಯಾರು ಅಂತಲೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಒಬ್ಬರೂ ತಿರುಗಿ ನೋಡಲಿಲ್ಲ. ಮುಂದಿನ ವರ್ಷ ಅದು "ನಾವು ಕೆರೆ ದಾಟಿದೆವು" ಅಂತಾಯಿತು. ಇಬ್ಬರೂ ಆಚೆ ದಡ ಸೇರಿದ್ದೆವಲ್ಲ, ಆ ಮಟ್ಟಿಗೆ ನಿಜವೇ. ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ "ನಾನು ಕೆರೆ ದಾಟಿದೆ" ಅಂತ ಆಗಿಹೋಗಿತ್ತು. ಎಲ್ಲ ಕ್ರಿಯಾಪದದ ಬಾಲದಲ್ಲಿ ಒಂದೆರಡು ಅಕ್ಷರದ ಹೆಚ್ಚುಕಡಿಮೆ. ವ್ಯಾಕರಣದಲ್ಲಿ 'ನಾನು' ಅನ್ನುವುದಕ್ಕೆ ಉತ್ತಮ ಪುರುಷ ಅನ್ನುತ್ತಾರೆ. ಹೀಗೆ ನಾನು ಮೈ ಒದ್ದೆ ಮಾಡಿಕೊಳ್ಳದೆ ಉತ್ತಮ ಪುರುಷನಾದೆ.

ಸೊಳ್ಳೆ ನನ್ನ ಮದುವೆಗೆ ಬಂದಿದ್ದ. ಬಾಯಿ ಬಿಟ್ಟಾನು ಅಂತ ದಿನವಿಡೀ ಅವನ ಬಾಯಿಗೆ ಏನಾದರೊಂದು ತುರುಕುತ್ತಲೇ ಇದ್ದೆ. ಆದರೂ ಹೊರಡುವಾಗ ಹೆಂಡತಿಯ ಕಿವಿಯಲ್ಲಿ ಊದಿಯೇ ಹೋದ. ಪುಣ್ಯಕ್ಕೆ ಅವಳು ಅದನ್ನು ಯಾರ ಮುಂದೆಯೂ ಆಡಲಿಲ್ಲ. ನಾನು ಮೊದಲು ಮಗಳಿಗೆ, ಆಮೇಲೆ ಮೊಮ್ಮಗಳಿಗೆ, ತೊಡೆಯ ಮೇಲೆ ಕೂರಿಸಿಕೊಂಡು ಕೆರೆ ದಾಟಿದ ಕತೆ ಹೇಳುವಾಗಲೆಲ್ಲ ಅಡುಗೆಮನೆಯಿಂದ ಒಂದು ಕೆಮ್ಮು ಕೇಳಿಸುತ್ತಿತ್ತು, ಅಷ್ಟೆ.

ಇನ್ನು ನನ್ನ ಕಸುಬು. ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಎದುರಿಗಿರುವುದು ಇದ್ದ ಹಾಗೆ ಕಾಣುವಂತೆ ಮಾಡುವುದು ನನ್ನ ಕೆಲಸ ಅಂತ ಗಿರಾಕಿಗಳ ಮುಂದೆ ಗಂಭೀರವಾಗಿ ಹೇಳುತ್ತೇನೆ. ನನ್ನ ಕಣ್ಣು ಮೈನಸ್ ಒಂಬತ್ತು. ಕನ್ನಡಕ ತೆಗೆದರೆ ಹೆಂಡತಿಗೂ ಬಾಗಿಲ ಪರದೆಗೂ ಇರುವ ವ್ಯತ್ಯಾಸ ತಿಳಿಯುವುದು ಎರಡರಲ್ಲಿ ಒಂದು ಬೈಯಲು ಶುರುಮಾಡಿದ ಮೇಲೆಯೇ.

ಮೊಮ್ಮಗಳಿಗೆ ನಾನಿಟ್ಟ ಹೆಸರು ಕೊಕ್ಕರೆ. ಅವಳ ಮೈಯಲ್ಲಿ ಮುಕ್ಕಾಲು ಪಾಲು ಕಾಲೇ. ನಾಲ್ಕು ವರ್ಷದವಳಿದ್ದಾಗಿನಿಂದ ಪ್ರತಿ ರಜೆಗೆ ಒಂದು ತಿಂಗಳು ನಮ್ಮಲ್ಲಿ ಇರುತ್ತಾಳೆ. ಮಧ್ಯಾಹ್ನವೆಲ್ಲ ಅಂಗಡಿಯಲ್ಲಿ, ಕಣ್ಣು ಪರೀಕ್ಷೆಗೆ ಅಂತ ಇಟ್ಟಿರುವ ತಿರುಗುವ ಸ್ಟೂಲಿನ ಮೇಲೆ ಅವಳ ಠಿಕಾಣಿ. ಗೋಡೆಯ ಮೇಲಿನ ಅಕ್ಷರದ ಚಾರ್ಟು ಅವಳಿಗೆ ಬಾಯಿಪಾಠ. ವಯಸ್ಸಾದವರು ಕೊನೆಯ ಸಾಲು ಓದಲಾರದೆ ತಿಣುಕುವಾಗ ಪಾಪ ಅನ್ನಿಸಿ ಹಿಂದಿನಿಂದ ಪಿಸುಗುಟ್ಟಿಬಿಡುತ್ತಾಳೆ. ಕಳೆದ ವರ್ಷ ನಿವೃತ್ತ ತಪಾಲಿನವರೊಬ್ಬರಿಗೆ ಅವಳು ಹೀಗೆ ಪಿಸುಗುಟ್ಟಿದ್ದು ತಿಳಿಯದೆ, ಅವರ ದೃಷ್ಟಿ ಹದಿನೆಂಟರ ಹುಡುಗನದು ಅಂತ ನಾನು ಬರೆದುಕೊಟ್ಟೆ. ಅವರು ಖುಷಿಯಾಗಿ ಹೊರಗೆ ಹೋಗಿ ಬೇರೆಯವರ ಸೈಕಲ್ ಹತ್ತಿಕೊಂಡು ಹೋದರು. ಅವಳಿಗೆ ಒಂಬತ್ತು, ನನಗೆ ಅರವತ್ನಾಲ್ಕು. ಆದರೂ ನಮ್ಮ ಜಗಳ, ರಾಜಿ, ಚಾಡಿ, ಎಲ್ಲ ಸರಿಸಮನಾಗಿ ನಡೆಯುತ್ತಿತ್ತು. ಮಗಳು ನನ್ನನ್ನು 'ನೀವು' ಅನ್ನುತ್ತಾಳೆ, ಕೊಕ್ಕರೆ 'ನೀನು' ಅನ್ನುತ್ತಾಳೆ, ನನಗೆ ಅದೇ ಇಷ್ಟ.

ಈ ಸಲ ಬಂದವಳೇ ಈಜು ಕಲಿಯುತ್ತೇನೆ ಅಂತ ಹಟ ಹಿಡಿದಳು. ತಾತ ಒಂಬತ್ತನೇ ವಯಸ್ಸಿಗೆ ಕೆರೆ ದಾಟಿದ್ದಾನೆ, ತನಗೂ ಈಗ ಒಂಬತ್ತು ಅನ್ನುವುದು ಅವಳ ವಾದ. ಊರಿನ ಈಜುಕೊಳದಲ್ಲಿ ಹತ್ತು ಗಂಟೆಯ ತರಗತಿಗೆ ಸೇರಿಸಿದೆವು. ಅಲ್ಲಿ ಎರಡು ಕೊಳ. ಚಿಕ್ಕದರಲ್ಲಿ ಕಲಿಯುವವರಿಗೆ ಹಳದಿ ಟೋಪಿ. ಧೈರ್ಯ ಬಂದವರಿಗೆ ನೀಲಿ ಟೋಪಿ ಕೊಟ್ಟು ದೊಡ್ಡ ಕೊಳಕ್ಕೆ ಕಳಿಸುತ್ತಾರೆ.

"ತಾತ, ನಾಳೆ ನೀನೂ ಬಾ. ನೀನು ಕೆರೆ ದಾಟಿದೀಯ ಅಂತ ಟೀಚರ್‌ಗೆ ಹೇಳಿದೀನಿ. ಎಲ್ರೂ ನಿನ್ನ ನೋಡ್ಬೇಕಂತೆ" ಅಂದಳು ಎರಡನೇ ದಿನ.

ಮಂಡಿ ನೋವು ಅಂದೆ. ಮರುದಿನ ಕರೆದಾಗ ಕಿವಿ ನೋವು ಅಂದೆ. ಅದರ ಮರುದಿನ ಅಂಗಡಿಗೆ ಹೊಸ ಫ್ರೇಮು ಬರುತ್ತದೆ ಅಂದೆ. ಸಬೂಬುಗಳೆಲ್ಲ ಖಾಲಿಯಾದ ದಿನ, "ಕೆರೆ ಈಜಿದವನಿಗೆ ತೊಟ್ಟೀಲಿ ಈಜೋಕೆ ಕೈಕಾಲು ಆಡಲ್ಲ ಮರೀ" ಅಂದುಬಿಟ್ಟೆ. ಅಡುಗೆಮನೆಯಲ್ಲಿ ಕೆಮ್ಮು ಜೋರಾಯಿತು. ಒಂದು ವಾರ ಕಳೆದ ಮೇಲೆ ಅವಳು ಕರೆಯುವುದನ್ನು ಬಿಟ್ಟಳು. ನೀಲಿ ಟೋಪಿ ಸಿಕ್ಕಿತಾ ಅಂದರೆ "ಸಿಕ್ತು" ಅಂದಳು, ಇವತ್ತೇನು ಕಲಿಸಿದರು ಅಂದರೆ "ಏನೋ ಒಂದು" ಅಂದಳು. ನನ್ನ ಮೊಮ್ಮಗಳು ಒಂದೇ ವಾರಕ್ಕೆ ದೊಡ್ಡ ಕೊಳಕ್ಕೆ ಇಳಿದಳು ಅಂತ ಬಂದ ಗಿರಾಕಿಗಳಿಗೆಲ್ಲ ಡಂಗುರ ಹೊಡೆದೆ. ನಮ್ಮ ರಕ್ತವೇ ಹಾಗೆ ಅಂತ ಸೇರಿಸುವುದನ್ನೂ ಮರೆಯಲಿಲ್ಲ.

ಎರಡನೇ ವಾರ, ಬುಧವಾರ ಮಧ್ಯಾಹ್ನ, ನಾನು ಒಳಕೋಣೆಯಲ್ಲಿ ಒಂದು ಗಾಜಿನ ಅಂಚು ಉಜ್ಜುತ್ತಿದ್ದೆ. ಮಿಷನ್ನು ನಿಲ್ಲಿಸಿದಾಗ ಮುಂದಿನ ಕೋಣೆಯಿಂದ ಕೊಕ್ಕರೆಯ ಫೋನಿನ ಮಾತು ಕೇಳಿಸಿತು.

"ಅಮ್ಮ, ಬಂದು ಕರ್ಕೊಂಡು ಹೋಗು... ಇಲ್ಲ, ಜ್ವರ ಏನಿಲ್ಲ... ಬೇಡ, ಅಷ್ಟೇ. ಮುಂದಿನ ರಜೆಗೂ ಇಲ್ಲಿಗೆ ಬೇಡ. ಬೇರೆ ಎಲ್ಲಾದ್ರೂ ಹೋಗೋಣ."

ಕೈಯಲ್ಲಿದ್ದ ಗಾಜು ಜಾರಿ ಬಿದ್ದು ಮೂಲೆ ಒಡೆಯಿತು. ಮುಂದಿನ ರಜೆಗೂ ಬೇಡ ಅಂದಿದ್ದಳು. ಮಗಳಿಗೆ ರಜೆ ಸಿಗುವುದು ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಅಂತ ಆಮೇಲೆ ಗೊತ್ತಾಯಿತು. ಅಂದರೆ ನನ್ನ ಕೈಯಲ್ಲಿ ಇದ್ದದ್ದು ಹತ್ತು ದಿನ. ಈ ವಯಸ್ಸಿನಲ್ಲಿ ಗೆಳೆಯರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ, ಹೊಸಬರು ಸಿಗುವುದಿಲ್ಲ. ನನಗೆ ಸಿಕ್ಕಿದ್ದವಳು ಇವಳೊಬ್ಬಳು, ಇವಳೂ ಕೈಬಿಟ್ಟು ಹೋದರೆ ಆ ಸ್ಟೂಲನ್ನು ನೋಡಿಕೊಂಡು ಅಂಗಡಿಯಲ್ಲಿ ಹೇಗೆ ಕೂರುವುದು ಅಂತ ನಿಜವಾಗಿ ಹೆದರಿಕೆಯಾಯಿತು. ಯಾಕೆ ಬೇಡ ಅಂದಳು ಅಂತ ಅವಳನ್ನೇ ಕೇಳಬಹುದಿತ್ತು. ಕೇಳುವಷ್ಟು ಬುದ್ಧಿ ನನಗೆಲ್ಲಿಂದ? ಕರೆದಾಗಲೆಲ್ಲ ಸಬೂಬು ಹೇಳುವ ಮುದುಕನ ಸಹವಾಸ ಬೇಸರವಾಗಿದೆ ಅಂತ ನಾನೇ ತೀರ್ಪು ಕೊಟ್ಟುಕೊಂಡೆ. ಅವಳು ಹೊರಡುವ ಮೊದಲು ಒಂದು ಸಲ ದೊಡ್ಡ ಕೊಳದಲ್ಲಿ ಈಜಿ ತೋರಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನಿಸಿತು. ಐವತ್ತೈದು ವರ್ಷದಲ್ಲಿ ಆಗದ್ದು ಹತ್ತು ದಿನದಲ್ಲಿ ಆಗುತ್ತದೆ ಅಂತ ನಂಬಿದವನ ತಲೆಯೊಳಗೆ ಏನಿತ್ತೋ ದೇವರೇ ಬಲ್ಲ.

ಮರುದಿನ ಬೆಳಿಗ್ಗೆ ಆರು ಗಂಟೆಯ ತರಗತಿಗೆ ಸೇರಲು ಹೋದೆ. ಮನೆಯಲ್ಲಿ ವಾಕಿಂಗ್ ಅಂತ ಹೇಳಿದ್ದೆ. ಚೀಟಿ ಬರೆಯುವವನು ಕತ್ತು ಚಾಚಿ ನನ್ನ ಹಿಂದೆ ಮುಂದೆ ನೋಡಿದ.

"ಮಗು ಎಲ್ಲಿ ಸಾರ್?"

"ನಾನೇ" ಅಂದೆ.

ಅವನು ಅರ್ಜಿ ಮುಂದೆ ತಳ್ಳಿದ. ಪೋಷಕರ ಸಹಿ ಅನ್ನುವ ಕಡೆ ನಾನೇ ಸಹಿ ಹಾಕಿದೆ. ಈಜು ಕಲಿಸುವ ಟೀಚರಿಗೆ ಇಪ್ಪತ್ತಮೂರೋ ಇಪ್ಪತ್ನಾಲ್ಕೋ, ಕುತ್ತಿಗೆಯಲ್ಲಿ ಸೀಟಿ. ನನ್ನನ್ನು ನೋಡಿ ನಗಲಿಲ್ಲ, ಅದಕ್ಕಾಗಿ ಅವಳ ಹೊಟ್ಟೆ ತಣ್ಣಗಿರಲಿ. ಹಳದಿ ಟೋಪಿ ಕೊಟ್ಟಳು. ಮಕ್ಕಳ ಅಳತೆಯದು, ಹಿಡಿದುಕೊಳ್ಳಲು ಒಂದು ಕೂದಲೂ ಸಿಗದೆ ನನ್ನ ಬೋಳು ತಲೆಯ ಮೇಲೆ ಮೆಲ್ಲಗೆ ಮೇಲಕ್ಕೆ ಸರಿದು, ಟಪ್ ಅಂತ ಹಾರಿ, ನೀರಿನಲ್ಲಿ ನನಗಿಂತ ಚೆನ್ನಾಗಿ ತೇಲುತ್ತಿತ್ತು. ಪ್ರತಿದಿನ ನಾಲ್ಕೈದು ಸಲ ಯಾರಾದರೊಬ್ಬರು ಅದನ್ನು ಹಿಡಿದು ತಂದುಕೊಡುವುದೇ ತರಗತಿಯ ಮುಖ್ಯ ಆಟವಾಯಿತು.

ಕನ್ನಡಕ ಬಿಚ್ಚಿಟ್ಟೇ ಇಳಿಯಬೇಕು. ನೀರಿನಲ್ಲಿ ಹಾಕುವ ಕನ್ನಡಕಕ್ಕೆ ನನ್ನ ನಂಬರಿನ ಗಾಜು ಕೂರಿಸುವುದು ನನಗೆ ಅರ್ಧ ಗಂಟೆಯ ಕೆಲಸ. ಆದರೆ ಕೊಕ್ಕರೆ ಅಂಗಡಿಯಲ್ಲೇ ಇರುತ್ತಾಳೆ, ಯಾರಿಗೆ ಅಂತ ಕೇಳದೆ ಬಿಡುವವಳಲ್ಲ. ಹಾಗಾಗಿ ಊರಿಗೆಲ್ಲ ಕಣ್ಣು ಕೊಡುವವನು ಕುರುಡನಂತೆ ಕೈಚಾಚಿಕೊಂಡು ಸೊಂಟದ ಮಟ್ಟದ ನೀರಿಗೆ ಇಳಿಯುತ್ತಿದ್ದೆ. ಸುತ್ತ ಒಂದಷ್ಟು ಹಳದಿ ಚುಕ್ಕೆಗಳು ಕಾಣಿಸುತ್ತಿದ್ದವು. ಅವೇ ನನ್ನ ಸಹಪಾಠಿಗಳು.

ಅವರಲ್ಲಿ ಒಬ್ಬಳು ನನಗೆ ಅಂಟಿಕೊಂಡಳು. ಆರು ವರ್ಷ, ಮುಂದಿನ ನಾಲ್ಕು ಹಲ್ಲು ಬಿದ್ದಿದ್ದವು. ಎಲ್ಲರೂ ಬೊಚ್ಚುಬಾಯಿ ಅನ್ನುತ್ತಿದ್ದರು. ನಾನು ಹಲ್ಲಿನ ಸೆಟ್ಟನ್ನು ಕನ್ನಡಕದ ಜೊತೆಗೇ ಡಬ್ಬಿಯಲ್ಲಿ ತೆಗೆದಿಡುವುದನ್ನು ಅವಳು ಮೊದಲ ದಿನವೇ ನೋಡಿದ್ದಳು.

"ನಿಂದು ಯಾವಾಗ ಬಿತ್ತು?" ಅಂತ ಕೇಳಿದಳು.

"ಐದು ವರ್ಷ ಆಯ್ತು."

"ಇನ್ನೂ ಬಂದಿಲ್ವಾ?" ಅಂದಳು, ತುಂಬ ಕನಿಕರದಿಂದ. ಅವಳ ಬಾಯಲ್ಲಿ ತ, ದ, ಸ ಎಲ್ಲ ಗಾಳಿಯಾಗಿ ಹಾರಿಹೋಗುತ್ತಿದ್ದವು. ತಾತ ಅನ್ನಲು ಹೋದರೆ ಮೇಣದ ಬತ್ತಿ ಊದಿದ ಹಾಗೆ ಕೇಳುತ್ತಿತ್ತು.

ನೀರಿನೊಳಗೆ ಮುಖ ಇಡುವುದನ್ನು ನನಗೆ ಕಲಿಸಿದವಳು ಟೀಚರ್ ಅಲ್ಲ, ಬೊಚ್ಚುಬಾಯಿ. "ಒಳಗೆ ಗುಳುಗುಳು ಅನ್ನು, ಹೊರಗೆ ಹಾ ಅನ್ನು, ಅಷ್ಟೇ" ಅಂದಳು. ನಾನು ಒಳಗೆ ಹಾ ಅಂದು ಹೊರಗೆ ಗುಳುಗುಳು ಅಂದೆ. ಎಂಟು ದಿನ ಕಳೆಯುವ ಹೊತ್ತಿಗೆ ನನ್ನ ಸಾಧನೆ ಇಷ್ಟು: ಕಂಬಿ ಹಿಡಿದು ಕಾಲು ಬಡಿಯುವುದು, ಮತ್ತು ಕಂಬಿ ಬಿಟ್ಟು ಮೂರು ಎಣಿಸುವಷ್ಟು ಹೊತ್ತು ತೇಲುವುದು. ನಾಲ್ಕಕ್ಕೆ ಮುಳುಗುತ್ತಿದ್ದೆ. ಮನೆಗೆ ಬಂದು ಟವೆಲ್ಲನ್ನು ಹಿತ್ತಲ ಮೂಲೆಯಲ್ಲಿ ಕದ್ದು ಒಣಹಾಕುತ್ತಿದ್ದೆ. ಸಂಜೆ ನೋಡಿದರೆ ಯಾರೋ ಅದನ್ನು ಮಡಿಸಿಟ್ಟಿರುತ್ತಿದ್ದರು. ಅದು ಹೆಂಡತಿಯೇ ಇರಬೇಕು ಅನ್ನುವುದನ್ನು ಯೋಚಿಸುವಷ್ಟು ಪುರುಸೊತ್ತು ನನಗಿರಲಿಲ್ಲ.

ಶುಕ್ರವಾರ ಬಂತು. ಭಾನುವಾರ ಮಗಳು ಬರುವವಳು. ಅವತ್ತು ನನ್ನ ಕೈಯಲ್ಲಿ ಮೂರೂ ಎಣಿಸಲಾಗಲಿಲ್ಲ, ಎರಡಕ್ಕೇ ತಳ ಸೇರಿದೆ. ಕೆಮ್ಮುತ್ತಾ ದಡದಲ್ಲಿ ಕಾಲು ಇಳಿಬಿಟ್ಟು ಕೂತೆ. ಪಕ್ಕದಲ್ಲೇ ಒಂದು ಹಳದಿ ಟೋಪಿ ಕುತ್ತಿಗೆ ಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತಿತ್ತು. ಬೊಚ್ಚುಬಾಯಿ ಯಾವಾಗಲೂ ಅಲ್ಲೇ ನಿಲ್ಲುವುದು.

"ಬೊಚ್ಚುಬಾಯೀ, ನಾಳಿದ್ದು ನನ್ನ ಮಾನ ಹೋಗತ್ತೆ" ಅಂದೆ.

ಟೋಪಿ ಮಾತಾಡಲಿಲ್ಲ. ಅದು ಸುಮ್ಮನಿದ್ದಷ್ಟೂ ನನಗೆ ಧೈರ್ಯ ಬಂತು.

"ನಾನು ಕೆರೆ ದಾಟೇ ಇಲ್ಲಮ್ಮ. ದಾಟಿದ್ದು ನನ್ನ ಗೆಳೆಯ ಸೊಳ್ಳೆ. ನಾನು ದಡದಲ್ಲಿ ಅವನ ಚಡ್ಡಿ ಕಾಯ್ತಿದ್ದೆ. ನನಗೆ ನೀರು ಕಂಡ್ರೆ ಜೀವ ಹೋಗತ್ತೆ. ನಮ್ಮ ಕೊಕ್ಕರೆಗೆ ಒಂದೇ ವಾರಕ್ಕೆ ನೀಲಿ ಟೋಪಿ ಸಿಕ್ಕಿದೆ, ನನಗೆ ನೋಡು ಹಳದೀನೇ ತಲೇಲಿ ನಿಲ್ಲಲ್ಲ. ಅವಳಿಗೆ ಇದು ಗೊತ್ತಾದ್ರೆ ಮತ್ತೆ ಯಾವತ್ತೂ ಈ ಕಡೆ ತಲೆ ಹಾಕಲ್ಲ."

"ಏನಾದ್ರೂ ಹೇಳೇ" ಅಂದೆ.

"ನಂದೂ ಹಳದೀನೇ, ತಾತ."

ಆ ದ, ಆ ತ, ಎರಡೂ ಹಲ್ಲಿರುವ ಬಾಯಿಂದ ಸ್ಪಷ್ಟವಾಗಿ ಬಂದಿದ್ದವು. ಇಷ್ಟು ವರ್ಷ ಕಣ್ಣಿನ ವ್ಯಾಪಾರ ಮಾಡಿದವನು ನಾನು, ನನ್ನ ಸ್ವಂತ ಮೊಮ್ಮಗಳನ್ನು ಒಂದು ಗೇಣು ದೂರದಿಂದ ಗುರುತಿಸಲಿಲ್ಲ.

"ನಂಗೆ ನೀಲಿ ಟೋಪಿ ಸಿಗ್ಲೇ ಇಲ್ಲ" ಅಂದಳು. "ಎಲ್ರೂ ದೊಡ್ಡ ಕೊಳಕ್ಕೆ ಹೋದ್ರು. ನಂಗೆ ಕಾಲಿಗೆ ನೆಲ ಸಿಗ್ಲಿಲ್ಲ ಅಂದ್ರೆ ಭಯ ಆಗತ್ತೆ. ನೀನು ನನ್ನಷ್ಟೇ ಇದ್ದಾಗ ಕೆರೆ ದಾಟಿದೀಯ, ನಂಗೆ ಇದೇ ಆಗ್ಲಿಲ್ಲ. ನಿನ್ ಮುಖ ನೋಡೋಕೇ ನಾಚಿಕೆ ಆಗ್ತಿತ್ತು. ಅದಕ್ಕೇ ಅಮ್ಮಂಗೆ ಬಾ ಅಂದಿದ್ದು. ನೀನು ನೋಡಿದ್ರೆ ಚಡ್ಡಿ ಕಾದಿದೀಯ!"

ಎರಡೂ ಕೈಯಲ್ಲಿ ನೀರು ಎತ್ತಿ ನನ್ನ ಮುಖಕ್ಕೆ ಎರಚಿದಳು. ಅದು ಆಟಕ್ಕೆ ಎರಚಿದ್ದಲ್ಲ. ಕಂಬಿ ಹಿಡಿದುಕೊಂಡೇ ಸರಸರ ಆಚೆ ತುದಿಗೆ ಹೋಗಿಬಿಟ್ಟಳು. ನಾನು ತಡಕಾಡಿ ಡಬ್ಬಿ ಹುಡುಕಿ ಕನ್ನಡಕ ಹಾಕಿಕೊಂಡಾಗ ಮೊದಲು ಕಂಡದ್ದು ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ. ಅವಳ ತೋಳಿನ ಮೇಲೆ ಎರಡು ಟವೆಲ್ಲಿದ್ದವು.

"ಹತ್ತು ಗಂಟೆ ಕ್ಲಾಸಲ್ಲಿ ಹುಡುಗ್ರು ಅಣಕಿಸ್ತಾರೆ ಅಂತ ಅಳ್ತಿದ್ಲು. ಅದಕ್ಕೆ ಇವತ್ತಿಂದ ನಾನೇ ಆರು ಗಂಟೆಗೆ ಬದಲಾಯಿಸ್ದೆ" ಅಂದಳು. "ಒಂದೇ ಸೂರಿನ ಕೆಳಗೆ ಇಬ್ರೂ ಒಬ್ರಿಗೊಬ್ರು ಸುಳ್ಳು ಹೇಳ್ಕೊಂಡು, ಇಬ್ರ ಟವೆಲ್ಲೂ ನಾನು ಮಡಚ್ಕೊಂಡು, ಎಷ್ಟು ದಿನ ಅಂತ ನೋಡ್ಲಿ? ಅದೇನಿದೆಯೋ ಅದೇ ನೀರಲ್ಲಿ ಬಿದ್ದು ತೀರಿಸ್ಕೊಳ್ಳಿ ಅಂದ್ಕೊಂಡೆ."

ಶನಿವಾರ ಕೊಕ್ಕರೆ ಅಂಗಡಿಗೆ ಬಂದಳು, ಆದರೆ ಸ್ಟೂಲಿನ ಮೇಲೆ ಕೂರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ನನಗೆ ಬೆನ್ನು ಹಾಕಿ ಕೂತಳು. ಅದೇ ತಪಾಲಿನವರು ಬಂದರು, ಕೊನೆಯ ಸಾಲಿನ ಮುಂದೆ ಬಹಳ ಹೊತ್ತು ಕಾದರು, ಯಾರೂ ಪಿಸುಗುಟ್ಟಲಿಲ್ಲ. "ಇವತ್ಯಾಕೋ ಏನೂ ಕಾಣ್ತಿಲ್ಲ" ಅಂದರು. ನನಗೂ ಏನೂ ಕಾಣುತ್ತಿರಲಿಲ್ಲ. ತಪ್ಪಾಯಿತು ಅನ್ನಲು ನಾಲ್ಕು ಸಲ ಬಾಗಿಲ ತನಕ ಹೋದೆ. ನಾಲ್ಕು ಸಲವೂ ಬೀದಿ ನೋಡಲು ಬಂದವನಂತೆ ನಟಿಸಿ ವಾಪಸು ಬಂದೆ. ಐದನೇ ಸಲ ಹೋಗಿ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ.

"ತಪ್ಪಾಯ್ತು ಮರೀ" ಅಂದೆ.

ಅವಳು ನನ್ನ ಕಡೆ ತಿರುಗದೆ ಕೇಳಿದಳು. "ಸೊಳ್ಳೆ ದಾಟಿದಾಗ ನಿಂಗೆ ಹೊಟ್ಟೆಕಿಚ್ಚು ಆಯ್ತಾ?"

"ಆಯ್ತು."

"ಎಷ್ಟು?"

"ಅವನ ಬಟ್ಟೆ ಅಲ್ಲೇ ಬಿಸಾಕಿ ಓಡಿಹೋಗೋಣ ಅನ್ನೋವಷ್ಟು."

"ಬಿಸಾಕಿದ್ಯಾ?"

"ಇಲ್ಲ. ಆಚೆ ದಡಕ್ಕೆ ತಗೊಂಡು ಹೋದೆ."

ಅವಳು ಚಪ್ಪಲಿಯ ತುದಿಯಿಂದ ಮೆಟ್ಟಿಲ ಅಂಚು ಕೆರೆಯುತ್ತಾ ಯೋಚಿಸಿದಳು. "ಅವನು ದಾಟಿದ ಮೇಲೆ ಏನ್ ಮಾಡ್ದ?"

ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ನನ್ನ ಕತೆಯಲ್ಲಿ ದಾಟಿದ ಮೇಲೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ನಿಜವಾಗಿ ಆದದ್ದು ಈಗ ನೆನಪಾಯಿತು. "ಅತ್ತ" ಅಂದೆ. "ನಡು ನೀರಲ್ಲಿ ಸುಸ್ತಾಗಿ ಹೆದರಿಬಿಟ್ಟಿದ್ದನಂತೆ. ವಾಪಸ್ ಈಜಲ್ಲ ಅಂತ ನನ್ನ ಕೈ ಹಿಡ್ಕೊಂಡು ಅತ್ತ. ಇಬ್ರೂ ಏರಿ ಮೇಲೆ ನಡ್ಕೊಂಡೇ ಮನೆಗೆ ಬಂದ್ವಿ."

"ಇದನ್ನ ಯಾಕೆ ಹೇಳೇ ಇಲ್ಲ? ಇದೇ ಚೆನ್ನಾಗಿದೆ" ಅಂದಳು ಕೊಕ್ಕರೆ, ಮತ್ತು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಳು.

ಭಾನುವಾರ ಬೆಳಿಗ್ಗೆ ಮಗಳು ಬಂದಳು. ಅವಳು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಾಳೆ. ದಿನವೂ ನೂರು ಜನರ ಒಳಗಿನದನ್ನು ಬೆಳಕಿಗೆ ಹಿಡಿದು ನೋಡುವವಳು, ಅಪ್ಪನ ಮಾತನ್ನು ಮಾತ್ರ ಯಾವತ್ತೂ ಹಿಡಿದು ನೋಡಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಕೊಕ್ಕರೆ ಬಾಂಬು ಹಾಕಿದಳು.

"ಅಮ್ಮ, ನಾನು ಬರಲ್ಲ. ರಜೆ ಮುಗಿಯೋ ತನಕ ಇಲ್ಲೇ ಇರ್ತೀನಿ. ನಾನು ಐದು ಎಣಿಸೋವರೆಗೂ ತೇಲ್ತೀನಿ, ತಾತಂಗೆ ಮೂರೇ ಬರೋದು. ಅವನೊಬ್ನನ್ನೇ ಬಿಟ್ಟು ಬಂದ್ರೆ ಮುಳುಗ್ತಾನೆ."

"ಯಾವ ತಾತ?" ಅಂದಳು ಮಗಳು.

ನಾನು ಹೇಳಿದೆ. ಎರಡನೇ ಸಲ ಹೇಳುವುದು ಸುಲಭ ಅಂದುಕೊಂಡಿದ್ದೆ, ಹಾಗಾಗಲಿಲ್ಲ. ಈ ಸಲ ಕನ್ನಡಕ ಹಾಕಿಕೊಂಡಿದ್ದೆ, ಎದುರಿಗಿದ್ದವಳ ಮುಖ ಚೆನ್ನಾಗಿ ಕಾಣುತ್ತಿತ್ತು. ಸೌಟು, ಚಡ್ಡಿ, ಹಾರುವ ಟೋಪಿ, ನಗಿಸುವಂಥದ್ದನ್ನೆಲ್ಲ ಸೇರಿಸಿ ಹೇಳಿದೆ. ಮಗಳು ನಗಲಿಲ್ಲ. ಅಡುಗೆಮನೆಯಿಂದ ಕೆಮ್ಮೂ ಬರಲಿಲ್ಲ. ಮಗಳು ಊಟ ಮುಗಿಸಿ ಎದ್ದು ಹೋಗಿ ಬಹಳ ಹೊತ್ತು ಕೈ ತೊಳೆದಳು.

ಸಂಜೆಯ ಬಸ್ಸಿಗೆ ಒಬ್ಬಳೇ ಹೊರಟಳು. ನಾನು ಬ್ಯಾಗು ಹಿಡಿದು ಜೊತೆಗೆ ಹೋದೆ. ಬಸ್ ನಿಲ್ದಾಣದ ಸಿಮೆಂಟಿನ ಬೆಂಚಿನ ಮೇಲೆ ಕೂತೆವು. ಹೊರಡಲು ಇನ್ನೂ ಹತ್ತು ನಿಮಿಷವಿತ್ತು.

"ನಂಗೆ ಎಂಟು ವರ್ಷ ಇದ್ದಾಗ ಒಂದ್ಸಲ ಕೊಳಕ್ಕೆ ಕರ್ಕೊಂಡು ಹೋಗಿದ್ರಿ. ನೆನಪಿದ್ಯಾ ಅಪ್ಪ?" ಅಂದಳು.

ನೆನಪಿತ್ತು. ಅವಳು ಕಂಬಿ ಹಿಡಿದು ಅಳುತ್ತಿದ್ದಳು. ನಾನು ಮೇಲೆ ಬೂಟು ಹಾಕಿಕೊಂಡು ನಿಂತು, ಕೆರೆ ದಾಟಿದವನ ಮಗಳು ಹೀಗೆ ಅಳಬಹುದಾ ಅಂತ ಕೇಳಿದ್ದೆ. ನೀವೂ ಇಳೀರಿ ಅಪ್ಪ ಅಂತ ಅವಳು ಕೈ ಚಾಚಿದ್ದಳು. ನೆಗಡಿ ಅಂದಿದ್ದೆ.

"ಅವತ್ತು ನಿಮಗೆ ನೆಗಡಿ ಇತ್ತಾ?"

"ಇರ್ಲಿಲ್ಲ."

ಅವಳು ತಲೆಯಾಡಿಸಿದಳು. "ನಮ್ಮ ಆಸ್ಪತ್ರೆಯವರೆಲ್ಲ ಸಮುದ್ರಕ್ಕೆ ಹೋದ್ರೆ ನಾನೊಬ್ಳೇ ಮರಳಲ್ಲಿ ಕೂತಿರ್ತೀನಿ. ಎಲ್ರಿಗೂ ಆಗೋದು ನಂಗ್ಯಾಕೆ ಆಗಲ್ಲ, ಇಂಥ ಅಪ್ಪನಿಗೆ ಹುಟ್ಟಿ ನಾನ್ಯಾಕೆ ಹಿಂಗಾದೆ ಅಂತ ಎಷ್ಟು ಸಲ ಅಂದ್ಕೊಂಡಿದೀನಿ ಗೊತ್ತಾ? ಮೂವತ್ತೆರಡು ವರ್ಷ. ನಂಗೂ ಭಯ ಆಗತ್ತೆ ಅಂತ ನೀವು ಅವತ್ತು ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತಪ್ಪ."

ನನ್ನ ಬಾಯಲ್ಲಿ ಯಾವಾಗಲೂ ಒಂದು ತಮಾಷೆ ತಯಾರಿರುತ್ತದೆ. ಆಗ ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಕೂಗಿದ, ಅವಳು ಬ್ಯಾಗು ತೆಗೆದುಕೊಂಡು ಹತ್ತಿ, ಕಿಟಕಿಯ ಪಕ್ಕ ಕೂತು, ಮುಂದೆ ನೋಡತೊಡಗಿದಳು. ಕಿಟಕಿಯ ಗಾಜು ಮುಚ್ಚಿತ್ತು. ಬಸ್ಸು ಗುರುಗುಟ್ಟಿ ಹಿಂದಕ್ಕೆ ಸರಿಯಿತು. ಇನ್ನು ಮುಂದಕ್ಕೆ ಹೊರಟರೆ ಇದು ಇನ್ನೊಂದು ಮೂವತ್ತೆರಡು ವರ್ಷ ನನ್ನೊಳಗೇ ಉಳಿಯುತ್ತದೆ, ಅಷ್ಟು ವರ್ಷ ನನ್ನ ಹತ್ತಿರ ಇಲ್ಲ ಅಂತ ಗಾಬರಿಯಾಯಿತು. ನಾನು ಬಸ್ಸಿನ ಪಕ್ಕ ಓಡುತ್ತಾ ಗಾಜಿಗೆ ಬಡಿದೆ.

"ನಂಗೂ ಭಯ ಆಗ್ತಿತ್ತು ಕಣೇ!" ಅಂತ ಕೂಗಿದೆ. "ತುಂಬ ಭಯ ಆಗ್ತಿತ್ತು! ನೆಗಡಿ ಗಿಗಡಿ ಏನೂ ಇರ್ಲಿಲ್ಲ, ಭಯಾನೇ!"

ನಿಲ್ದಾಣದಲ್ಲಿದ್ದವರೆಲ್ಲ ತಿರುಗಿದರು. ಡ್ರೈವರ್ ಏನೋ ಅನಾಹುತವಾಯಿತು ಅಂತ ಗಕ್ಕನೆ ಬ್ರೇಕು ಹಾಕಿದ. ಒಬ್ಬ ಹೆಂಗಸು ನನ್ನ ತೋಳು ಹಿಡಿದು, ಕೂತ್ಕೊಳ್ಳಿ ಅಜ್ಜಾರೆ, ನೀರು ಕೊಡ್ಲಾ ಅಂದಳು. ಮೇಲೆ ಕಿಟಕಿಯ ಗಾಜು ಸರಿಯಿತು. ಮಗಳ ಕಣ್ಣು ಮೂಗು ಎಲ್ಲ ಒದ್ದೆಯಾಗಿತ್ತು, ನಗುತ್ತಲೂ ಇದ್ದಳು. ಕೈ ಹೊರಗೆ ಚಾಚಿ ನನ್ನ ಬೋಳು ತಲೆಯ ಮೇಲೆ ಇಟ್ಟಳು.

"ಕೇಳಿಸ್ತಪ್ಪ" ಅಂದಳು. "ಇಡೀ ಬಸ್ಸಿಗೇ ಕೇಳಿಸ್ತು."